ಉತ್ತರಕ್ಕೆ ಮುಖ ಮಾಡಿದ ಪ್ಯಾನೆಲ್ಲುಗಳು

ಆ ಸಂಕ್ರಾಂತಿಯ ಬೆಳಿಗ್ಗೆ ಕೊಣನೂರಿನಲ್ಲಿ ಮಂಜು ಎಂಥದು ಬಿದ್ದಿತ್ತೆಂದರೆ, ಬಸ್ಸು ಯಾವೂರಿಗೆ ಹೋಗುತ್ತದೆ ಎನ್ನುವುದು ಹತ್ತಿ ಕೂತ ಮೇಲೆ ಕಂಡಕ್ಟರು ಹೇಳಿದರಷ್ಟೇ ತಿಳಿಯುತ್ತಿತ್ತು. ಹೊಳೆಯ ಕಡೆಯಿಂದ ಎದ್ದ ಮಂಜು ಬೀದಿ ಬೀದಿಗೂ ಹೊಕ್ಕು, ಮನೆಗಳ ಮುಂದಿನ ರಂಗೋಲಿಯನ್ನೂ ಒದ್ದೆ ಮಾಡಿ ಕೂತಿತ್ತು. ಎಂಟು ಗಂಟೆ ದಾಟಿದರೂ ಸೂರ್ಯನ ಸುಳಿವಿಲ್ಲ. ಪಥ ಬದಲಿಸುವ ದಿನವೇ ದೇವರು ಮುಖ ಮರೆಸಿಕೊಂಡಿದ್ದಾನೆ ಎಂದರೆ ಅದಕ್ಕೊಂದು ಅರ್ಥವಿರಬೇಕು. ಆದರೆ ಅರ್ಥ ಹುಡುಕುವಷ್ಟು ಪುರುಸೊತ್ತು ಕಿರಾಣಿ ಅಂಗಡಿಯ ಈಶ್ವರಯ್ಯನವರಿಗೆ ಇರಲಿಲ್ಲ. ಅವತ್ತೇ ಅವರ ಮನೆಯ ತಾರಸಿಗೆ ಸೋಲಾರ್ ಏರಬೇಕಿತ್ತು.

ಈಶ್ವರಯ್ಯನವರು ಹಣೆತುಂಬ ವಿಭೂತಿ ಧರಿಸುವವರು, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಪಂಚಾಂಗ ಇಟ್ಟುಕೊಂಡವರು. ಅಕ್ಕಿ ಮೂಟೆ ಇಳಿಸುವುದಕ್ಕೂ ರಾಹುಕಾಲ ನೋಡುತ್ತಿದ್ದರು. ಮೂಟೆ ಮಾರುವುದಕ್ಕೆ ಮಾತ್ರ ಎಲ್ಲ ಕಾಲವೂ ಶುಭಕಾಲವಾಗಿತ್ತು. ಕರೆಂಟು ಹೋಗಿ ಬರುವ ಆಟಕ್ಕೆ ಬೇಸತ್ತು ಆರು ಪ್ಯಾನೆಲ್ಲು, ಒಂದು ಇನ್ವರ್ಟರು, ಒಂದು ಲಿಥಿಯಂ ಬ್ಯಾಟರಿ ಎಂದು ಅವರು ನಿಶ್ಚಯ ಮಾಡಿ ಒಂದೂವರೆ ತಿಂಗಳಾಗಿತ್ತು. ನಡುವೆ ಧನುರ್ಮಾಸ ಬಂತು. ಧನುರ್ಮಾಸದಲ್ಲಿ ಹೊಸದು ಮಾಡಬಾರದೆಂದು ಸಾಮಾನೆಲ್ಲ ಗೋಡೌನಿನಲ್ಲಿ ಬೆಲ್ಲದ ಪಿಂಡಿಗಳ ಪಕ್ಕ ಕಾದು ಕೂತಿತು.

ಕೆಲಸ ಹಿಡಿದವನು ಕೀರ್ತಿರಾಜ್. ಅದೇ ಗೋಡೌನಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಗುಂಡಯ್ಯನವರ ಮಗ. ಹಾಸನದ ಒಂದು ಸೋಲಾರ್ ಕಂಪನಿಯಲ್ಲಿ ಆರು ವರ್ಷ ದುಡಿದು, ಹೊಳೆನರಸೀಪುರ, ಚನ್ನರಾಯಪಟ್ಟಣದ ತಾರಸಿಗಳನ್ನೆಲ್ಲ ಹತ್ತಿ ಇಳಿದು, ಈಗ ಬಸ್ ನಿಲ್ದಾಣದ ಪಕ್ಕ ಒಂದು ಮಳಿಗೆ ಹಿಡಿದಿದ್ದ. ಒಂದು ಮೇಜು, ಗೋಡೆಯಲ್ಲಿ ಬುದ್ಧನ ಪಟ, ಗಿರಾಕಿಗಳಿಗೆ ತೋರಿಸಲು ಒಂದು ಪ್ಯಾನೆಲ್ಲು, ಇಷ್ಟೇ ಅಂಗಡಿ. ದೊಡ್ಡ ಕೆಲಸ ಎಂದು ಬಂದದ್ದು ಇದೇ ಮೊದಲು. ಈಶ್ವರಯ್ಯನವರು ಹೌದು ಎಂದದ್ದನ್ನು ಕೊಣನೂರು ಅಲ್ಲ ಎನ್ನುವುದಿಲ್ಲ; ಅವರ ಮನೆ ಬೆಳಗಿದರೆ ಕೀರ್ತಿರಾಜನ ಅಂಗಡಿ ನೆಲೆ ನಿಂತ ಹಾಗೆಯೇ. ಇಲ್ಲದಿದ್ದರೆ ಏನೆಂಬುದನ್ನು ಗುಂಡಯ್ಯನವರು ಮೊದಲೇ ಹೇಳಿದ್ದರು.

"ಒಂದೊರ್ಸ ನೋಡ್ಲಾ. ಆಗ್ನಿಲ್ಲ ಅಂದ್ರೆ ಮಾನವಾಗಿ ಕಂಪ್ನಿಗೇ ವಾಪಸ್ ಓಗ್ಬುಡು."

ತಾರಸಿಯ ಮೇಲೆ ಕೀರ್ತಿರಾಜ್ ಕಬ್ಬಿಣದ ಕಾಲುಗಳನ್ನು ಅಳತೆಗೆ ಇಡುತ್ತಿದ್ದ. ಈಶ್ವರಯ್ಯನವರು ಶಾಲು ಹೊದ್ದು ಮೇಲೆ ಬಂದರು.

"ಎತ್ಲಾಗೆ ಮುಖ ಮಾಡ್ತಿದೀಯಪ್ಪ?"

"ದಕ್ಷಿಣಕ್ಕೆ ಸಾ. ನಮ್ ಸೀಮೇಲೆಲ್ಲ ಅಂಗೇ ಆಕಾದು."

"ದಕ್ಷಿಣಕ್ಕಾ? ಯಮನ ದಿಕ್ಕು ಕಣಯ್ಯ ಅದು. ಆ ಕಡೆಗೆ ಒಂದು ಕಿಟಕಿನೂ ಇಟ್ಟಿಲ್ಲ ನಾನು."

"ಯಮಂಗೂ ಇದ್ಕೂ ಏನೂ ಇಲ್ಲ ಸಾ. ವರ್ಸದಾಗೆ ಜಾಸ್ತಿ ದಿನ ಸೂರ್ಯ ಆ ಕಡೆಗೇ ವಾಲಿರ್ತಾನೆ. ಅದ್ಕೇ."

"ಇವತ್ತೇನು ದಿನ ಹೇಳು?"

"ಸಂಕ್ರಾಂತಿ."

"ಸಂಕ್ರಾಂತಿ ಅಂದ್ರೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಈಶ್ವರಯ್ಯನವರೇ ಹೇಳಿದರು. "ಇವತ್ತಿಂದ ಉತ್ತರಾಯಣ. ಸೂರ್ಯದೇವರು ಉತ್ತರಕ್ಕೆ ಹೊರಟ. ನೀನು ನೋಡಿದ್ರೆ ಅವನು ಬರೋ ದಾರಿಗೆ ಬೆನ್ನು ತಿರುಗ್ಸಿ ಕೂರುಸ್ತೀನಿ ಅಂತೀಯ. ದೊಡ್ಡವರು ಮನೆಗೆ ಬರುವಾಗ ಬೆನ್ನು ಹಾಕ್ತಾರೇನಯ್ಯ?"

"ಒಂಟವ್ನೆ ಸಾ, ಇಲ್ಲ ಅನ್ನಲ್ಲ. ಆದ್ರೆ ಒಂಟಿರಾದು ದಕ್ಷಿಣದ ತುದಿಯಿಂದ. ನಮ್ ನೆತ್ತಿ ದಾಟಿ ಆ ಕಡೀಕೆ ಓಗಾಕೆ ಇನ್ನೂ ಮೂರ್ ತಿಂಗ್ಳು ಬೇಕು. ಓದ್ರೂ ನಾಕ್ ತಿಂಗ್ಳು ಇರ್ತಾನೆ, ತಿರುಗ್ಬುಡ್ತಾನೆ."

"ಬಂದವನು ಸತ್ಕಾರ ಚೆನ್ನಾಗಿದ್ರೆ ಇರ್ತಾನೆ ಬಿಡು. ಉತ್ತರಕ್ಕೆ ಹಾಕು."

ಕೀರ್ತಿರಾಜ್ ಆಕಾಶ ನೋಡಿದ. ಸಾಕ್ಷಿ ಹೇಳಬೇಕಾದವನು ಮಂಜಿನ ಹಿಂದೆ ಕೂತಿದ್ದ. ಮೊದಲ ದೊಡ್ಡ ಕೆಲಸ, ಊರೇ ಕಿವಿಗೊಡುವ ಮನುಷ್ಯ. ಇನ್ನೊಂದು ಸಲ "ಬ್ಯಾಡ ಸಾ, ಚಳಿಗಾಲದಾಗೆ ಕೈ ಕೊಡ್ತದೆ" ಎಂದ. ಈಶ್ವರಯ್ಯನವರು ಪುಣ್ಯಕಾಲ ಮೀರುತ್ತಿದೆ ಎಂದರು. ಕಬ್ಬಿಣದ ಕಾಲುಗಳು ಉತ್ತರಕ್ಕೆ ತಿರುಗಿದವು.

ಆಮೇಲೆ ಬ್ಯಾಟರಿ. ಪಡಸಾಲೆಯ ಗೋಡೆ ಗಾಳಿಯಾಡುವ ಜಾಗ, ಅಲ್ಲಿಡೋಣ ಎಂದ ಕೀರ್ತಿರಾಜ್. ಈಶ್ವರಯ್ಯನವರು ತಲೆಯಾಡಿಸಿದರು. ವಿದ್ಯುತ್ತು ಎಂದರೆ ಅಗ್ನಿ. ಅಗ್ನಿ ಇರಬೇಕಾದ್ದು ಆಗ್ನೇಯದಲ್ಲಿ. ಆಗ್ನೇಯದಲ್ಲಿ ಇದ್ದದ್ದು ಅಡಿಗೆಮನೆ.

ಕೀರ್ತಿರಾಜ್ ಬ್ಯಾಗು ಎತ್ತಿಕೊಂಡು ಅತ್ತ ಒಂದು ಹೆಜ್ಜೆ ಇಟ್ಟ. ಈಶ್ವರಯ್ಯನವರು ಗಂಟಲು ಸರಿಮಾಡಿಕೊಂಡರು.

"ನೋಡಪ್ಪ ಕೀರ್ತಿ, ತಪ್ಪು ತಿಳ್ಕೋಬೇಡ. ನಾನು ಹಂಗೆಲ್ಲ ಮಾಡೋನಲ್ಲ, ನಿಮ್ಮಪ್ಪನ್ನೇ ಕೇಳು. ಅಡಿಗೆಮನೆ ಮಾತ್ರ ನಮ್ಮಲ್ಲಿ ಸ್ವಲ್ಪ ಮಡಿ. ಹಿತ್ತಲ ಕಡೆ ಒಂದು ಕಿಟಕಿ ಇದೆ. ನೀನು ಅಲ್ಲಿ ನಿಂತು ಹೇಳು, ನಮ್ಮ ರಜನೀಶ ಮಾಡ್ತಾನೆ."

ಹೀಗೆ ಬ್ಯಾಟರಿಯ ಪ್ರತಿಷ್ಠಾಪನೆ ಕಿಟಕಿಯ ಮೂಲಕ ನಡೆಯಿತು. ಈಶ್ವರಯ್ಯನವರ ಮಗ ರಜನೀಶ ಗೊಬ್ಬರದ ಅಂಗಡಿ ನಡೆಸುವವನು; ಡ್ರಿಲ್ಲನ್ನು ಅವತ್ತೇ ಮೊದಲ ಸಲ ಹಿಡಿದಿದ್ದ. ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ನಿಂತ ಕೀರ್ತಿರಾಜನಿಗೆ ಸರಳುಗಳ ನಡುವಿನಿಂದ ಅರ್ಧ ಗೋಡೆ ಕಾಣುತ್ತಿತ್ತು, ಒಲೆ ಕಾಣುತ್ತಿರಲಿಲ್ಲ.

"ಅಣ್ಣ, ಒಲೆಯಿಂದ ನಾಕಡಿ ದೂರ ಇರ್ಲಿ."

"ಇದೆ ಇದೆ."

"ಅಳತೆ ಇಡ್ದು ನೋಡ್ದಾ?"

"ಕಣ್ಣಳತೆ ಕಣೋ. ಕ್ಯಾಲೆಂಡರ್ ಹಾಕೋ ಜಾಗದಲ್ಲಿ ತೂತು ಮೊದಲೇ ಇದೆ, ಅಲ್ಲೇ ಹೊಡೀತೀನಿ."

ರಜನೀಶ ಐದು ತೂತು ಹೊಡೆದ, ಅದರಲ್ಲಿ ಎರಡು ಬೇಕಾಗಿದ್ದವು. ಕೀರ್ತಿರಾಜ್ ಬಣ್ಣ ಹೇಳುತ್ತ, ಅವನು ವೈರು ಸಿಕ್ಕಿಸುತ್ತ ಮಧ್ಯಾಹ್ನವಾಯಿತು. ಕೀರ್ತಿರಾಜ್ ಗೋಡೌನಿನಿಂದ ತರುವಾಗ ಬ್ಯಾಟರಿಯನ್ನು ತಬ್ಬಿ ಹಿಡಿದಿದ್ದನಲ್ಲ, ಅದಕ್ಕೊಂದು ಒದ್ದೆ ಬಟ್ಟೆಯ ಒರೆಸಾಟವಾಯಿತು, ಮೇಲೆ ಮೂರು ಎಳೆ ವಿಭೂತಿ. ಅದರ ಒಳಗಿನದನ್ನು ಯಾವ ದೇಶದಲ್ಲಿ, ಏನು ತಿನ್ನುವ ಯಾರ ಕೈ ಜೋಡಿಸಿತ್ತೋ, ಆ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಶಿವನು ಕರುಣಾಳು, ಬೇಡದ ಪ್ರಶ್ನೆಗಳನ್ನು ಭಕ್ತರಿಂದ ದೂರವೇ ಇಡುತ್ತಾನೆ.

ಸಂಜೆ ಪಡಸಾಲೆಯಲ್ಲಿ ದೀಪ ಹತ್ತಿತು. ಈಶ್ವರಯ್ಯನವರ ಹೆಂಡತಿ ಪ್ರೇಮಕುಮಾರಿಯವರು ಕೀರ್ತಿರಾಜನಿಗೆ ಎಳ್ಳುಬೆಲ್ಲ ಕೊಟ್ಟು, "ಒಳ್ಳೆ ಮಾತಾಡಪ್ಪ" ಎಂದರು. ಅವನು ಎಳ್ಳುಬೆಲ್ಲ ತಿಂದ, ಮಾತಾಡಲಿಲ್ಲ.

ಮಂಜಿನ ದಿನಗಳು ಕಳೆದ ಮೇಲಿನ ಆರೇಳು ತಿಂಗಳು ಈಶ್ವರಯ್ಯನವರ ಪಾಲಿಗೆ ಸುವರ್ಣಕಾಲ. ಬಿಸಿಲು ಏರಿತು, ಸೂರ್ಯ ನಿಜವಾಗಿಯೇ ನೆತ್ತಿ ದಾಟಿ ಉತ್ತರಕ್ಕೆ ಬಂದ. ದಿನವೂ ಹನ್ನೊಂದು ಗಂಟೆಯೊಳಗೆ ಬ್ಯಾಟರಿ ತುಂಬುತ್ತಿತ್ತು. ಊರೆಲ್ಲ ಕತ್ತಲಾದಾಗ ಅವರ ಮನೆ ಮಾತ್ರ ಬೆಳಗುತ್ತಿತ್ತು. ಆ ಹೊತ್ತಿಗೆ ಅವರು ಬೇಕೆಂದೇ ಜಗಲಿಯ ಮೇಲೆ ಬಂದು ಕೂರುತ್ತಿದ್ದರು. ಬೆಲ್ಲ ಕೊಳ್ಳಲು ಬಂದವರಿಗೆ ಬೆಲ್ಲ ತೂಗುವ ಮೊದಲು ಫೋನಿನಲ್ಲಿ ಬ್ಯಾಟರಿಯ ಲೆಕ್ಕ ತೋರಿಸಿ, "ನೋಡು, ನೂರಕ್ಕೆ ನೂರು" ಎನ್ನುತ್ತಿದ್ದರು. "ಆ ಹುಡುಗ ದಕ್ಷಿಣಕ್ಕೆ ಅಂದ. ನಾನೇ ಬಿಡಲಿಲ್ಲ. ಪಂಚಾಂಗದಲ್ಲಿ ಇಲ್ಲದ್ದು ಏನಿದೆ?"

ಕೀರ್ತಿರಾಜನಿಗೆ ಹೊಗಳಿಕೆಯ ಪಾಲು ಬರದಿದ್ದರೂ ಕೆಲಸದ ಮಾತು ಬಂತು. ಮಲ್ಲಿಪಟ್ಟಣದ ಶುಂಠಿ ಬೆಳೆಗಾರ ತಿಮ್ಮಪ್ಪನವರು, ಬಸ್ ನಿಲ್ದಾಣದ ಹಿಂದಿನ ನಿವೃತ್ತ ಸ್ಕೂಲು ಮೇಡಂ ಅನಸೂಯಮ್ಮನವರು, ಇಬ್ಬರೂ ದೀಪಾವಳಿ ಕಳೆಯಲಿ ಎಂದಿದ್ದರು. ಗುಂಡಯ್ಯನವರು ಕಂಪನಿಯ ಸುದ್ದಿ ಎತ್ತುವುದನ್ನು ನಿಲ್ಲಿಸಿದ್ದರು.

ಆಮೇಲೆ ದಕ್ಷಿಣಾಯನ ತನ್ನ ಪಾಡಿಗೆ ತಾನು ನಡೆಯಿತು. ಸತ್ಕಾರದಲ್ಲಿ ಏನೂ ಕೊರತೆ ಇರಲಿಲ್ಲ. ಸೋಮವಾರಗಳಲ್ಲಿ ಆರೂ ಪ್ಯಾನೆಲ್ಲಿಗೆ ವಿಭೂತಿ ಹಚ್ಚುವುದು, ಆ ವಿಭೂತಿಯೇ ಒಂದಿಷ್ಟು ಬಿಸಿಲು ನುಂಗುವುದು, ಎರಡೂ ತಪ್ಪದೆ ನಡೆದಿತ್ತು. ಆದರೂ ಸೂರ್ಯ ನಿಲ್ಲಲಿಲ್ಲ. ನೂರು ತೊಂಬತ್ತಾಯಿತು, ಕಾರ್ತಿಕದ ಹೊತ್ತಿಗೆ ಅರವತ್ತಾಯಿತು. ಈಶ್ವರಯ್ಯನವರು ಗಿರಾಕಿಗಳಿಗೆ ಫೋನು ತೋರಿಸುವುದನ್ನು ಬಿಟ್ಟರು.

ಕಡೇ ಕಾರ್ತಿಕ ಸೋಮವಾರ ಮಠದ ಸ್ವಾಮಿಗಳ ಪಾದಪೂಜೆ ಮನೆಯಲ್ಲೇ ಇಟ್ಟುಕೊಂಡಿದ್ದರು. ನಲವತ್ತು ಜನ. ಬೆಳಗಿನಿಂದ ಗ್ರೈಂಡರು, ಮಿಕ್ಸಿ, ಮನೆ ಮುಂದೆ ಮಿಣುಕು ದೀಪದ ಸರ. ಅಡಿಗೆಮನೆಯಲ್ಲಿ ಮೂರು ಒಲೆಗಳ ಮೇಲೆ ಹೋಳಿಗೆ, ಪಾಯಸ, ಅನ್ನ. ಸಂಜೆ ಏಳಕ್ಕೆ ಸ್ವಾಮಿಗಳು ಪೀಠದ ಮೇಲೆ ಕೂತು ಪಾದಗಳನ್ನು ಬೆಳ್ಳಿ ತಟ್ಟೆಯಲ್ಲಿ ಇಟ್ಟಾಗ ಕರೆಂಟು ಹೋಯಿತು. ಬ್ಯಾಟರಿ ಕಣ್ಣು ಬಿಟ್ಟಿತು. ಈಶ್ವರಯ್ಯನವರು ಸುತ್ತ ಒಮ್ಮೆ ನೋಡಿದರು. ಎಲ್ಲರಿಗೂ ತಿಳಿಯಿತಷ್ಟೆ ಎಂಬಂತೆ. ಮೊದಲೇ ಅರೆಹೊಟ್ಟೆಯಲ್ಲಿದ್ದ, ಒಲೆಯ ಕಾವಿಗೆ ಮೈ ಸುಡುತ್ತಿದ್ದ ಬ್ಯಾಟರಿ ಹತ್ತು ನಿಮಿಷ ತಡೆದುಕೊಂಡಿತು. ಆಮೇಲೆ ತನ್ನನ್ನು ತಾನೇ ಆರಿಸಿಕೊಂಡಿತು.

ಕತ್ತಲಲ್ಲಿ ಸ್ವಾಮಿಗಳ ಧ್ವನಿ ಕೇಳಿಸಿತು. "ಎಣ್ಣೆ ದೀಪ ಇದ್ದರೆ ತನ್ನಿ. ಕಾಲು ಎಲ್ಲಿದೆ ಅಂತ ನಮಗೇ ಗೊತ್ತಾಗ್ತಿಲ್ಲ."

ಯಾರೋ ಕಿಸಕ್ಕೆಂದರು. ದೀಪ ಬರುವುದರೊಳಗೆ ಈಶ್ವರಯ್ಯನವರ ಬಾಯಿಂದ ಮಾತು ಹೊರಬಿದ್ದಿತ್ತು. "ಆ ಗುಂಡಯ್ಯನ ಮಗನ ಕೈಲಿ ಮಾಡ್ಸಿದ್ದೇ ತಪ್ಪಾಯ್ತು ಬುದ್ಧಿ. ಅವನಿಗೆ ಕೆಲಸ ಬರಲ್ಲ."

ನಲವತ್ತು ಜನ ಊಟ ಮಾಡಿ, ಹೋಳಿಗೆಯ ಜೊತೆಗೆ ಆ ಮಾತನ್ನೂ ಮನೆಗೆ ಕೊಂಡೊಯ್ದರು.

ತಿಮ್ಮಪ್ಪನವರು ಮಾರನೆಯ ಸಂತೆಗೆ ಬಂದಾಗ ಕೀರ್ತಿರಾಜನ ಅಂಗಡಿಯ ಮುಂದೆ ಬೈಕನ್ನು ಆರಿಸದೆಯೇ ಹೇಳಿದರು. "ಈಗ್ಲೇ ಬ್ಯಾಡ ಕಣಪ್ಪ. ಶುಂಠಿ ರೇಟು ಬಿದ್ದೋಗದೆ." ಅದೇ ವಾರ ಶುಂಠಿಯ ಬೆಲೆ ಏರಿತ್ತು. ಅನಸೂಯಮ್ಮನವರು ಮೊಣಕಾಲು ನೋವೆಂದರು. ಸೋಲಾರಿಗೂ ಮೊಣಕಾಲಿಗೂ ಏನು ಎಂದು ಕೀರ್ತಿರಾಜ್ ಕೇಳಲಿಲ್ಲ. ಬ್ಯಾಟರಿ ನೋಡಿ ಬರುತ್ತೇನೆಂದು ಎರಡು ಸಲ ಫೋನು ಮಾಡಿದ. ಈಶ್ವರಯ್ಯನವರು ಎತ್ತಲಿಲ್ಲ.

"ಅವ್ರು ಅನ್ನ ಕೊಟ್ಟೋರು ಕಣ್ಲಾ," ಎಂದರು ಗುಂಡಯ್ಯನವರು ಮನೆಯ ಜಗಲಿಯಲ್ಲಿ ಬೀಡಿ ಹಚ್ಚುತ್ತ. "ಸುಮ್ಕೆ ಅನ್ನಾಕಿಲ್ಲ. ನೀನೇ ಎಲ್ಲೋ ತಪ್ಪು ಮಾಡಿದೀಯೆ."

"ದಕ್ಷಿಣಕ್ಕೆ ಆಕ್ತೀನಿ ಅಂದೆ ಕಣಪ್ಪ, ಅವ್ರೇ ಬುಡ್ನಿಲ್ಲ."

"ಅವ್ರು ಪಂಚಾಂಗ ಓದಿರೋರು. ಅವ್ರಿಗೆ ತಿಳೀದಾ? ಕಂಪ್ನಿಗೆ ಫೋನ್ ಮಾಡು. ಒಂದ್ನೇ ತಾರೀಕಿಗೆ ಓಗ್ಬುಡು."

ಊರು ನಂಬದಿದ್ದದ್ದು ಕೀರ್ತಿರಾಜನಿಗೆ ಅಷ್ಟಾಗಿ ತಾಗಿರಲಿಲ್ಲ. ಅಪ್ಪನೂ ನಂಬಲಿಲ್ಲ ಎನ್ನುವುದು ತಾಗಿತು. ಅವನು ಕಂಪನಿಗೆ ಫೋನು ಮಾಡಿದ. ಜನವರಿ ಒಂದಕ್ಕೆ ಬಾ ಎಂದರು.

ಧನುರ್ಮಾಸ ಬಂತು, ಅವರೆಕಾಯಿಯ ಕಾಲ. ಪ್ರೇಮಕುಮಾರಿಯವರು ಪ್ರತಿ ವರ್ಷವೂ ಕಾಳು ನೆನೆಸಿ, ಸಿಪ್ಪೆ ಹಿದುಕಿ, ಹಿದುಕಿದ ಬೇಳೆಯನ್ನು ತಾರಸಿಯಲ್ಲಿ ಒಣಗಿಸಿ ಡಬ್ಬಿ ತುಂಬುವವರು. ಒಂದು ಬೆಳಿಗ್ಗೆ ಬೇಳೆ ಹಿಡಿದು ಮೇಲೆ ಬಂದಾಗ ಎಳೆಬಿಸಿಲು ಪ್ಯಾನೆಲ್ಲುಗಳ ಬೆನ್ನಿಗೆ ಬೀಳುತ್ತಿತ್ತು. ಆರು ಪ್ಯಾನೆಲ್ಲುಗಳು ಸೂರ್ಯನಿಗೆ ಬೆನ್ನು ಕೊಟ್ಟು, ಯಾರೂ ಬಾರದ ದಾರಿಯನ್ನು ಕಾಯುತ್ತಿದ್ದವು. ಅವರು ಬಹಳ ಹೊತ್ತು ನಿಂತು ನೋಡಿದರು. ಆಮೇಲೆ ಬೇಳೆಯನ್ನು ಎರಡು ಪಾಲು ಮಾಡಿ ಎರಡು ಮೊರಗಳಲ್ಲಿ ಹರಡಿದರು. ಒಂದನ್ನು ಪ್ಯಾನೆಲ್ಲಿನ ಮೇಲೆಯೇ ಇಟ್ಟರು. ಇನ್ನೊಂದಕ್ಕೆ ಇಟ್ಟಿಗೆ ಒತ್ತುಕೊಟ್ಟು, ಅಷ್ಟೇ ಓರೆಯಾಗಿ, ದಕ್ಷಿಣಕ್ಕೆ ಮುಖ ಮಾಡಿ ಇಟ್ಟರು.

ಮಧ್ಯಾಹ್ನ ಮೂರಕ್ಕೆ ಗಂಡನನ್ನು ಮೇಲೆ ಕರೆದರು.

"ಏನೂಂದ್ರೆ, ಈ ಮೊರ ಅಲ್ಲಾಡ್ಸಿ."

ಈಶ್ವರಯ್ಯನವರು ದಕ್ಷಿಣದ ಮೊರ ಅಲ್ಲಾಡಿಸಿದರು. ಬೇಳೆ ಗಲಗಲ ಎಂದಿತು.

"ಈಗ ಇದು."

ಪ್ಯಾನೆಲ್ಲಿನ ಮೇಲಿನ ಮೊರದಲ್ಲಿ ಸದ್ದೇ ಇಲ್ಲ. ಬೇಳೆ ಒಂದಕ್ಕೊಂದು ಅಂಟಿಕೊಂಡು ಮೆತ್ತಗೆ ಸರಿಯಿತು. ಈಶ್ವರಯ್ಯನವರು ಎರಡರಿಂದಲೂ ಒಂದೊಂದು ಬೇಳೆ ಬಾಯಿಗೆ ಹಾಕಿಕೊಂಡರು. ವ್ಯಾಪಾರಸ್ಥರ ಹಲ್ಲು ಸುಳ್ಳು ಹೇಳುವುದಿಲ್ಲ. ಒಂದು ಕಟಕ್ಕೆಂದಿತು, ಇನ್ನೊಂದು ಹಲ್ಲಿಗೆ ಅಂಟಿತು.

"ಇದನ್ನ ಮೊದಲು ಇಟ್ಟಿರ್ತೀಯ ನೀನು."

"ಎರಡೂ ಒಟ್ಟಿಗೇ ಇಟ್ಟಿದ್ದು."

"ಕಾಯಿ ಬೇರೆ ಬೇರೆ ಇರ್ಬೇಕು."

"ಒಂದೇ ಚೀಲದ್ದು. ನಿಮ್ಮ ಅಂಗಡಿದೇ ತಕ್ಕಡೀಲಿ ತೂಗಿ ತಂದಿರೋದು. ತಕ್ಕಡಿ ಮೇಲೂ ಅನುಮಾನಾನಾ?"

ಈಶ್ವರಯ್ಯನವರು ಆಕಾಶ ನೋಡಿದರು. ಅವತ್ತು ಮಂಜಿರಲಿಲ್ಲ. ಸೂರ್ಯದೇವರು ದಕ್ಷಿಣಕ್ಕೆ ಚೆನ್ನಾಗಿ ವಾಲಿ, ಯಮನ ದಿಕ್ಕಿನಲ್ಲಿ ಯಾವ ಸಂಕೋಚವೂ ಇಲ್ಲದೆ ಬೆಳಗುತ್ತಿದ್ದ.

"ಮೂವತ್ತು ವರ್ಷದಿಂದ ಈ ತಾರಸಿ ಮೇಲೆ ಒಣಗ್ಹಾಕ್ತಿದೀನಿ," ಎಂದರು ಪ್ರೇಮಕುಮಾರಿಯವರು. "ಧನುರ್ಮಾಸದಲ್ಲಿ ಬಿಸಿಲು ಎಲ್ಲಿರ್ತದೆ ಅಂತ ನನ್ನನ್ನ ಯಾರೂ ಕೇಳಲಿಲ್ಲ. ಆ ಹುಡುಗ ಹೇಳ್ದ, ಅವನನ್ನೂ ಕೇಳಿಸ್ಕೊಳ್ಳಲಿಲ್ಲ."

"ಅವನನ್ನ ಕರೆಸು."

"ಅಂದವರು ನೀವು. ನೀವೇ ಕರೀರಿ."

ಮಾರನೆಯ ದಿನ ಕೀರ್ತಿರಾಜ್ ಬಂದ. ಹಾಸನಕ್ಕೆ ಹೋಗಲು ಇನ್ನು ಒಂಬತ್ತು ದಿನ ಉಳಿದಿತ್ತು. ನಟ್ಟು ಬೋಲ್ಟು ಬಿಚ್ಚಿ ಆರೂ ಪ್ಯಾನೆಲ್ಲುಗಳನ್ನು ದಕ್ಷಿಣಕ್ಕೆ ತಿರುಗಿಸಿ, ವಿಭೂತಿ ತೊಳೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಧನುರ್ಮಾಸದಲ್ಲಿ ಕೆಲಸ ಮಾಡಬಹುದೇ ಎಂದು ಈಶ್ವರಯ್ಯನವರು ಕೇಳಲಿಲ್ಲ. ಕೀರ್ತಿರಾಜ್ ಬ್ಯಾಗು ಹಿಡಿದು ಹಿತ್ತಲಿಗೆ ಹೋಗಿ ಒಗೆಯುವ ಕಲ್ಲು ಹತ್ತಿದ.

"ಅಲ್ಲ್ಯಾಕಪ್ಪ ಹೋದೆ? ಒಳಗ್ ಬಾ," ಎಂದರು ಪ್ರೇಮಕುಮಾರಿಯವರು ಅಡಿಗೆಮನೆಯಿಂದ.

"ಇರ್ಲಿ ಅಮ್ಮಾರೆ. ನಂಗೆ ಕಿಟ್ಕಿ ರೂಢಿ ಆಗದೆ."

"ಕಿಟಕೀಲಿ ಮಾಡ್ಸಿದ್ದಕ್ಕೇ ಹಿಂಗಾಗಿರೋದು. ಬಾ ಒಳಕ್ಕೆ."

ಕೀರ್ತಿರಾಜ್ ಈಶ್ವರಯ್ಯನವರ ಮುಖ ನೋಡಿದ. ಅವರು ಪಡಸಾಲೆಯ ಗಡಿಯಾರಕ್ಕೆ ಕೀಲಿ ಕೊಡುವುದರಲ್ಲಿ ಮುಳುಗಿದ್ದರು. ಅದು ಕೀಲಿಯಿಲ್ಲದ ಗಡಿಯಾರ. ಅವನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಅಡಿಗೆಮನೆಯ ಹೊಸಿಲು ದಾಟಿದ. ಒಲೆಯ ಮೇಲಿದ್ದ ಹಾಲು ಒಡೆಯಲಿಲ್ಲ. ದೇವರ ಗೂಡಿನ ದೀಪ ಆರಲಿಲ್ಲ. ಒಲೆಯಿಂದ ಬ್ಯಾಟರಿಗೆ ಒಂದು ಗೇಣು ದೂರವಿತ್ತು. ಕೀರ್ತಿರಾಜ್ ಗೇಣು ಹಾಕಿ ತೋರಿಸಿದ. ಸಂಜೆಯೊಳಗೆ ಬ್ಯಾಟರಿ ಪಡಸಾಲೆಯ ಗೋಡೆಗೆ ಬಂತು.

"ಏನು ಕೊಡ್ಬೇಕಪ್ಪ?" ಎಂದರು ಈಶ್ವರಯ್ಯನವರು.

"ಕೂಲಿ ಬ್ಯಾಡ ಸಾ. ನಲವತ್ ಜನದ್ ಮುಂದೆ ನನ್ ಎಸ್ರು ಕಿತ್ಕಂಡ್ರಿ. ಅದ್ನ ಇಟ್ಕಂಡು ನಿಮ್ಗೆ ಏನೂ ಆಗ್ಬೇಕಾಗಿಲ್ಲ. ನಂಗೆ ಬೇಕು."

ಕೀರ್ತಿರಾಜ್ ಬ್ಯಾಗು ಹೆಗಲಿಗೇರಿಸಿ ಹೊರಟ. ಆ ಸಂಜೆ ಇಷ್ಟಲಿಂಗ ಪೂಜೆಗೆ ಕೂತ ಈಶ್ವರಯ್ಯನವರು ಎಂದಿಗಿಂತ ಹೆಚ್ಚು ಹೊತ್ತು ಕೂತರು. ಅಂಗೈಯಲ್ಲಿರುವ ದೇವರಿಗೆ ಮುಖ ತಪ್ಪಿಸಲು ಜಾಗವೆಲ್ಲಿದೆ?

ಸಂತೆಯ ದಿನ ಅವರು ಗಲ್ಲಾಪೆಟ್ಟಿಗೆಯನ್ನು ಮಗನಿಗೆ ಒಪ್ಪಿಸಿ ಹೊರಬಿದ್ದರು. ರಾಹುಕಾಲ ನಡೆಯುತ್ತಿತ್ತು. ಮೊದಲು ಸಿಕ್ಕವರು ತಿಮ್ಮಪ್ಪನವರು. ಈಶ್ವರಯ್ಯನವರು ಅವರ ತೋಳು ಹಿಡಿದು ಸೊಪ್ಪಿನವರ ಸಾಲಿನಿಂದ ಆಚೆ ಕರೆದು, ತಗ್ಗಿದ ಧ್ವನಿಯಲ್ಲಿ ಹೇಳಿದರು.

"ತಿಮ್ಮಪ್ಪ, ನಮ್ಮನೆ ಸೋಲಾರು ಕೆಟ್ಟಿದ್ದು ಆ ಹುಡುಗನಿಂದ ಅಲ್ಲ. ಬೇಡ ಅಂದಿದ್ದ ಅವನು. ಹಟ ನಂದು."

ತಿಮ್ಮಪ್ಪನವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ಇಂಥ ಮಾತನ್ನು ಈಶ್ವರಯ್ಯನವರ ಬಾಯಿಂದ ಒಂದೇ ಸಲಕ್ಕೆ ಬಿಡಲು ಮನಸ್ಸಾಗಲಿಲ್ಲ.

"ಏನಂದ್ರಿ ಸಾವ್ಕಾರ್ರೆ? ಸಂತೆ ಗದ್ಲ ನೋಡಿ."

ಈಶ್ವರಯ್ಯನವರು ಒಂದು ಪದವನ್ನೂ ಕಡಿಮೆ ಮಾಡದೆ ಮತ್ತೆ ಹೇಳಿದರು. ಆಮೇಲೆ ಅನಸೂಯಮ್ಮನವರಿಗೆ, ಆಮೇಲೆ ಪಾದಪೂಜೆಗೆ ಬಂದಿದ್ದವರಲ್ಲಿ ಕಂಡ ಕಂಡವರಿಗೆಲ್ಲ, ಒಬ್ಬೊಬ್ಬರನ್ನೇ ಬದಿಗೆ ಕರೆದು ಹೇಳುತ್ತ ಹೋದರು. ಕೆಲವರು ನಕ್ಕರು. ಸಾಹುಕಾರರಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಕೆಲವರು ತಮ್ಮೊಳಗೇ ಕೇಳಿಕೊಂಡರು. ತಿಮ್ಮಪ್ಪನವರ ಬೈಕು ಆಗಲೇ ಕೀರ್ತಿರಾಜನ ಅಂಗಡಿಯ ಮುಂದೆ ನಿಂತಿತ್ತು, ಈ ಸಲ ಆರಿಸಿ.

ಸಂತೆಯ ತುದಿಯ ಟೀ ಅಂಗಡಿಯ ಬೆಂಚಿನ ಮೇಲೆ ಗುಂಡಯ್ಯನವರು ಕೂತಿದ್ದರು. ಪಾದಪೂಜೆಯ ಸಂಜೆ ಅವರು ಬಂದಿರಲಿಲ್ಲ, ಅವರನ್ನು ಯಾರೂ ಕರೆದಿರಲೂ ಇಲ್ಲ. ಈಶ್ವರಯ್ಯನವರನ್ನು ಕಂಡೊಡನೆ ಟೀ ಲೋಟ ಕೆಳಗಿಟ್ಟು ಎದ್ದು ನಿಂತರು.

"ಏನ್ ಬುದ್ಧಿ, ಇಲ್ಲೀಗಂಟ?"

"ಕೂತ್ಕೋ ಗುಂಡಯ್ಯ."

ಗುಂಡಯ್ಯನವರು ಕೂರಲಿಲ್ಲ. ಈಶ್ವರಯ್ಯನವರು ಒಂದು ಗಳಿಗೆ ನಿಂತು, ಆಮೇಲೆ ತಾವೇ ಬೆಂಚಿನ ಒಂದು ತುದಿಯಲ್ಲಿ ಕೂತರು. ಆಗ ಗುಂಡಯ್ಯನವರು ಇನ್ನೊಂದು ತುದಿಯಲ್ಲಿ, ಅರ್ಧಂಬರ್ಧ, ಕೂತರು.

"ನಿನ್ನ ಮಗನಿಗೆ ಕೆಲಸ ಬರ್ತದೆ," ಎಂದರು ಈಶ್ವರಯ್ಯನವರು ನೆಲ ನೋಡುತ್ತ. "ನನಗಿಂತ ಚೆನ್ನಾಗಿ ಅವನಿಗೇ ತಿಳಿದಿತ್ತು. ಅದನ್ನ ನಿನಗೆ ಹೇಳಬೇಕಿತ್ತು."